ಸಿಸ್ಟರಿಗೆ ನಾವು ಮಾಡಿದ ಸನ್ಮಾನ

ಹೋದ ತಿಂಗಳು ಹಳಿಯಾಳದ ಹತ್ತಿರದ ಒಂದು ಸಣ್ಣ ಊರಿನಲ್ಲಿ ಸಿಸ್ಟರ್ ತೀರಿಕೊಂಡರು. ಸುದ್ದಿ ಮಸ್ಕತ್ತಿಗೆ ಬಂದ ಎರಡನೇ ದಿನವೇ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದರು.

"ಅವರ ಸನ್ಮಾನದ ದಿನ ನೀನೊಂದು ಪರಿಚಯ ಭಾಷಣ ಮಾಡಿದ್ದೆಯಲ್ಲ ಮಾರಾಯ್ತಿ, ಅದನ್ನೇ ಕೊಡು. ಈ ಸಲದ ಸಂಚಿಕೆಗೆ ಹಾಕುವ. ಜನ ಈಗಲೂ ಆ ಮಾತನ್ನು ನೆನಪು ಮಾಡ್ತಾರೆ."

ಕೊಡುವುದಿಲ್ಲ ಎಂದೆ. ಅವರಿಗೆ ಬೇಜಾರಾಯಿತು. "ಹಾಗಾದರೆ ಹೊಸತಾಗಿ ಎಂತಾದರೂ ಬರಿ, ಎರಡು ಪುಟ ಸಾಕು" ಎಂದು ಫೋನ್ ಇಟ್ಟರು. ಇದು ಆ ಹೊಸತು. ಎರಡು ಪುಟ ಖಂಡಿತ ದಾಟುತ್ತದೆ. ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ಸಿಸ್ಟರ ಹೆಸರು ಬರೆಯುವುದಿಲ್ಲ. ಹೆಸರು ಸಿಕ್ಕ ಕೂಡಲೇ ಅದರ ಮುಂದೆ ಒಂದು ವಿಶೇಷಣ ಹಚ್ಚುವ ಅಭ್ಯಾಸ ನಮ್ಮವರಿಗಿದೆ, ನನಗೂ ಇದೆ. ಮಸ್ಕತ್ತಿನ ರೂವಿಯ ಸರಕಾರಿ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವರು. ಮೊದಲು ನರ್ಸ್, ಆಮೇಲೆ ಆ ವಿಭಾಗದ ಮುಖ್ಯಸ್ಥೆ, ಕೊನೆಗೆ ಈ ದೇಶದ ಹುಡುಗಿಯರಿಗೆ ಸೂಲಗಿತ್ತಿಯ ಕೆಲಸ ಕಲಿಸುವ ಶಿಕ್ಷಕಿ. ಜಾತಿಯಲ್ಲಿ ಸಿದ್ದಿ, ಮತದಲ್ಲಿ ಕ್ರಿಶ್ಚಿಯನ್, ಮನೆಮಾತು ಕೊಂಕಣಿ ಮತ್ತು ಕನ್ನಡ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಹೇರಿ ತಂದು ಗೋವಾದಲ್ಲಿ ಮಾರಿದ ಜನರ ಪೈಕಿ ಕಾಡು ಸೇರಿ ಬದುಕಿ ಉಳಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಉತ್ತರ ಕನ್ನಡದಲ್ಲಿದ್ದಾರೆ ಎಂಬುದು ಶಾಲೆಯ ಪುಸ್ತಕದಲ್ಲಿ ಒಂದು ಸಾಲಾಗಿಯಾದರೂ ಬಂದಿರಬೇಕು. ಓದಿ ಮರೆತವರ ಪೈಕಿ ನಾವೆಲ್ಲ ಇದ್ದೇವೆ.

ನನ್ನ ತಮ್ಮ ಹುಟ್ಟಿದ್ದು ಅದೇ ಆಸ್ಪತ್ರೆಯಲ್ಲಿ, ಎಂಬತ್ತರ ದಶಕದ ಮೊದಲಲ್ಲಿ. ನನಗಾಗ ಎಂಟು ವರ್ಷ. ಬಾಣಂತನಕ್ಕೆಂದು ಕುಂದಾಪುರದಿಂದ ಅಜ್ಜಿಯನ್ನು ಕರೆಸಿದ್ದರು. ಸಂಜೆ ನೋಡಲು ಬಿಡುವ ಹೊತ್ತಿಗೆ ನಾವು ಹೋದಾಗ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಿಸ್ಟರ್ ನಿಂತಿದ್ದರು. ಎತ್ತರದ ಆಳು, ಬಿಳಿ ಸಮವಸ್ತ್ರ, ಗುಂಗುರು ಕೂದಲನ್ನು ಟೋಪಿಯೊಳಗೆ ಬಿಗಿಯಾಗಿ ಸೇರಿಸಿದ್ದು. ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಅಮ್ಮನಿಗೆ ಹೇಳಿದ್ದು ಇಡೀ ವಾರ್ಡಿಗೆ ಕೇಳಿಸಿತು.

"ಹೆರಿಗೆ ಮಾಡ್ಸದ್ ಇದೇ ಹೆಂಗ್ಸಾ? ಮಗಿನ್ ಅದ್ರ ಕೈಯಗ್ ಕೊಡ್ಬೇಡ ಮಾರಾಯ್ತಿ. ಬಣ್ಣ ಕಂಡ್ಯಾ ಅದ್ರದ್ದ್?"

ಸಿಸ್ಟರ್ ಮಗುವಿನ ಕುತ್ತಿಗೆ ಸರಿಮಾಡಿ, ಅಮ್ಮನ ತೋಳಿಗಿಟ್ಟು, ಅಜ್ಜಿಯ ಕಡೆ ತಿರುಗಿದರು.

"ಅಜ್ಜಿ, ಬಣ್ಣಾ ಹತ್ತೂದಿಲ್ರಿ. ಸಂಶೇ ಇದ್ರ ಕೂಸನ್ನ ಒರಸಿ ನೋಡ್ರಿ."

ಅಮ್ಮ ಮುಖ ಮುಚ್ಚಿಕೊಂಡಳು. ಅಜ್ಜಿ ಮಾತ್ರ ಸೋಲುವವಳಲ್ಲ. "ನಿಂಗ್ ಕನ್ನಡ ಕಲ್ಸದ್ ಯಾರ್?" ಎಂದಳು.

"ನಮ್ಮವ್ವ. ನಿಮಗ ಯಾರು ಕಲಿಸಿದ್ರಿ?"

ಈ ಕಥೆಯನ್ನು ನಮ್ಮ ಮನೆಯಲ್ಲಿ ವರ್ಷಗಟ್ಟಲೆ ನಗುತ್ತಾ ಹೇಳಿದ್ದೇವೆ. ಗಮನಿಸಿ, ಹೇಳುವಾಗಲೆಲ್ಲ ಅದು ಅಜ್ಜಿಯ ಪೆಚ್ಚುತನದ ಕಥೆಯಾಗಿರುತ್ತಿತ್ತು. ಹನ್ನೊಂದು ಗಂಟೆ ಕಾಲ ನಿಂತು ತಮ್ಮನನ್ನು ಹೊರತಂದವರು ಅದನ್ನು ಕೇಳಿಸಿಕೊಂಡು ಮತ್ತೆ ಕೆಲಸಕ್ಕೆ ಹೋದರು ಎಂಬ ಭಾಗವನ್ನು ಯಾರೂ ಹೇಳುತ್ತಿರಲಿಲ್ಲ.

ಮಸ್ಕತ್ತಿನ ಕನ್ನಡಿಗರೆಲ್ಲ ಒಂದಲ್ಲ ಒಂದು ಸಲ ಮಾಡಿದ ತಪ್ಪು ಇದು. ಆಫ್ರಿಕಾದ ಜಂಜಿಬಾರಿನಿಂದ ಮರಳಿ ಬಂದ ಒಮಾನಿಗಳು ಇಲ್ಲಿ ಬಹಳ. ಸಿಸ್ಟರನ್ನು ಕಂಡವರು ಅವರೂ ಆ ಪೈಕಿಯೇ ಎಂದುಕೊಳ್ಳುವರು, ಅವರೆದುರೇ ಕನ್ನಡದಲ್ಲಿ ಮನಸ್ಸು ಬಿಚ್ಚುವರು. ರೂವಿಯ ಸೀರೆ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಚರ್ಚಿನ ಹೊರಗೆ. ಸಿಸ್ಟರ್ ಕೂಡಲೇ ಉತ್ತರ ಕೊಡುತ್ತಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ.

"ಪೂರ್ತಿ ಕೇಳಬೇಕು ತಂಗಿ. ನೀವು ಅಲ್ಲಿಲ್ಲ ಅಂತ ತಿಳಕೊಂಡಾಗ ಮಂದಿ ಖರೇ ಆಡ್ತಾರ. ನನಗ ಅದು ದಿನಾ ಫುಕಟ ಸಿಗತೈತಿ."

ಈ ದೇಶದವರು ಅವರನ್ನು ಬೇರೆ ರೀತಿಯಲ್ಲಿ ತಪ್ಪು ತಿಳಿಯುತ್ತಿದ್ದರು, ಆದರೆ ಆ ತಪ್ಪಿನಲ್ಲಿ ಬಾ, ಕೂರು ಎನ್ನುವ ಒಂದು ಕುರ್ಚಿಯಾದರೂ ಇರುತ್ತಿತ್ತು. ಅವರನ್ನು ಎರಡು ವರ್ಷ ಕಡಲ ಬದಿಯ ಸೂರ್‌ಗೆ ಕಳಿಸಿದ್ದರು. ಅಲ್ಲಿನ ಮೀನುಗಾರರ ಕೇರಿಗಳಲ್ಲಿ ಹೆರಿಗೆ ಮಾಡಿಸುವ ಮುದುಕಿಯರಿದ್ದರು. ಅವರಿಗೆ ಪಾಠ ಹೇಳಿ ಬಾ ಎಂಬುದು ಮೇಲಿನವರ ಆದೇಶ. ಸಿಸ್ಟರ್ ಮೊದಲ ಮೂರು ತಿಂಗಳು ಪಾಠವನ್ನೇ ಹೇಳಲಿಲ್ಲ. ಮುದುಕಿಯರ ಪಕ್ಕ ಕೂತು ಅವರು ಮಾಡುವುದನ್ನು ನೋಡಿದರು. ಆಮೇಲೆ ಅವರು ಮಾಡುತ್ತಿದ್ದುದರಲ್ಲಿ ಎರಡನ್ನು ಮಾತ್ರ ನಿಲ್ಲಿಸಿದರು: ಹೊಕ್ಕುಳು ಕೊಯ್ಯಲು ಮನೆಯ ಚೂರಿ, ಹೊಕ್ಕುಳಿಗೆ ಹಚ್ಚುವ ಬೂದಿ. ಉಳಿದದ್ದನ್ನು ನಾನೇ ಕಲಿತು ಬಂದೆ ಎನ್ನುತ್ತಿದ್ದರು.

ಆ ಮುದುಕಿಯರಲ್ಲಿ ಒಬ್ಬಾಕೆ ಜಂಜಿಬಾರಿನ ಮಾತಾದ ಸ್ವಾಹಿಲಿಯಲ್ಲಿ ನೀನು ಯಾರ ಮಗಳು ಎಂದು ಕೇಳಿದಳಂತೆ. ಇವರು ಅರಬ್ಬಿಯಲ್ಲಿ ನಾನು ಹಿಂದ್‌ನವಳು, ಭಾರತದವಳು ಎಂದರು. ಆಕೆ ನಂಬಲೇ ಇಲ್ಲ.

"ಒಂದ ಹಡಗಾ ಇರಬೇಕ ನೋಡು" ಎಂದು ನನಗೆ ಹೇಳಿದ್ದರು. "ಅಕಿ ಕಡೇವ್ರನ್ನ ಈ ದಂಡಿಗೆ ಇಳಿಸಿದ್ರು, ನಮ್ಮ ಕಡೇವ್ರನ್ನ ಆ ದಂಡಿಗೆ. ನಡುವ ನೀರು. ಅಷ್ಟ ಸಂಬಂಧ."

ಕೆಲಸದಲ್ಲಿ ಅವರು ಹೇಗಿದ್ದರು ಎಂಬುದಕ್ಕೆ ಒಂದೇ ಸಂಗತಿ ಸಾಕು. ಬಸುರಿಯ ಹೊಟ್ಟೆಯ ಮೇಲಿಟ್ಟು ಮಗುವಿನ ಎದೆಬಡಿತ ಕೇಳುವ ಕಟ್ಟಿಗೆಯ ಕೊಳವೆಯೊಂದಿದೆ, ನೋಡಲು ಪುಟ್ಟ ತುತ್ತೂರಿಯಂತೆ. ಆಸ್ಪತ್ರೆಗೆ ಯಂತ್ರಗಳು ಬಂದ ಮೇಲೂ ಸಿಸ್ಟರ ಜೇಬಿನಲ್ಲಿ ಅದು ಇರುತ್ತಿತ್ತು. ಒಂದು ಮಧ್ಯಾಹ್ನ ಯಂತ್ರ ಎಲ್ಲ ಸರಿಯಿದೆ ಎಂದಿತು, ವೈದ್ಯರೂ ಹೌದೆಂದರು. ಸಿಸ್ಟರ್ ಕೊಳವೆಗೆ ಕಿವಿ ಇಟ್ಟು, ಯಂತ್ರ ಹಿಡಿದಿರುವುದು ತಾಯಿಯ ಬಡಿತ, ಮಗುವಿನದಲ್ಲ ಎಂದರು. ಜಗಳವಾಯಿತು. ಹತ್ತು ನಿಮಿಷದಲ್ಲಿ ಆಪರೇಶನ್ ಆಯಿತು, ಮಗು ಉಳಿಯಿತು. ಆ ಬಗ್ಗೆ ಬರೆದ ವರದಿಯಲ್ಲಿ ವೈದ್ಯರ ಹೆಸರಿತ್ತು, ಯಂತ್ರದ ಕಂಪನಿಯ ಹೆಸರೂ ಇತ್ತು. ಇದನ್ನು ನನಗೆ ಹೇಳಿದ್ದು ಸಿಸ್ಟರಲ್ಲ. ಆ ಮಗುವಿನ ತಾಯಿ, ನನ್ನ ಗಣಿತದ ಟೀಚರ್.

ಇನ್ನು ನಮ್ಮ ಸಂಘ. ಸದಸ್ಯರಾಗಲು ಇಬ್ಬರು ಸದಸ್ಯರು ಸಹಿ ಹಾಕಿ, ಇವರು ಕನ್ನಡಿಗರು ಎಂದು ಬರೆದುಕೊಟ್ಟರೆ ಸಾಕು. ಅಪ್ಪ ಸಹಿ ಹಾಕಿದರು, ಗಣಿತದ ಟೀಚರ್ ಹಾಕಿದರು. ಸಮಿತಿ ಪಾಸ್‌ಪೋರ್ಟ್ ನೋಡಬೇಕು ಎಂದಿತು. ಎದುರು ಪಕ್ಷದವರು ಹೇಳಬಹುದು, ನಿಯಮ ಎಂದರೆ ನಿಯಮ. ಒಪ್ಪಿದೆ. ಹಾಗಾದರೆ ಆ ನಿಯಮವನ್ನು ಮೊದಲೂ ಆಮೇಲೂ ಮತ್ಯಾರ ಮೇಲೆ ಪ್ರಯೋಗಿಸಿದ್ದೀರಿ, ಒಬ್ಬರ ಹೆಸರು ಹೇಳಿ. ಸಿಸ್ಟರ್ ಪಾಸ್‌ಪೋರ್ಟ್ ತಂದು ತೋರಿಸಿದರು. ಅಂದಿನ ಅಧ್ಯಕ್ಷರು ಮೈಸೂರಿನ ಕಡೆಯ ಎಂಜಿನಿಯರ್, ಸಭ್ಯರು. ಹುಟ್ಟಿದ ಊರು ಓದಿ, "ಅರೆ, ನಮ್ಮವರೇ" ಎಂದರಂತೆ.

ನಮ್ಮವರಾದ ಮೇಲೆ ಪ್ರತಿ ರಾಜ್ಯೋತ್ಸವಕ್ಕೂ ಒಂದೇ ಬೇಡಿಕೆ. "ನಿಮ್ಮ ಜನಾಂಗದ ಕುಣಿತ ಬಹಳ ಚೆನ್ನಾಗಿರುತ್ತಂತಲ್ಲ ಸಿಸ್ಟರ್, ಈ ವರ್ಷ ಒಂದು ಐಟಂ ಕೊಡಿ."

"ಕುಣಿಯೋರು ನಮ್ಮೂರಾಗ ಚಲೋ ಚಲೋ ಅದಾರ್ರಿ ಸಾಹೇಬ್ರ, ಟಿಕೀಟ್ ಕೊಟ್ಟು ಕರಸ್ರಿ. ನನಗ ಬರೂದು ಹೆರಿಗಿ ಮಾಡ್ಸೂದು. ಸ್ಟೇಜಿನ ಮ್ಯಾಲ ಮಾಡ್ಸಲೇನು?"

ಹೀಗೆ ಹತ್ತು ವರ್ಷ ನಡೆಯಿತು. ತೊಂಬತ್ತರ ದಶಕದ ನಡುವೆ ಅವರು ಕಲಿಸಿದ ಮೊದಲ ತಂಡದ ಹುಡುಗಿಯರು ಬೇರೆ ಬೇರೆ ಊರುಗಳ ಆಸ್ಪತ್ರೆಗಳಿಗೆ ಹೋದರು. ಸರಕಾರದವರು ಸಿಸ್ಟರಿಗೆ ಒಂದು ಪ್ರಶಸ್ತಿಪತ್ರ ಕೊಟ್ಟರು, ಅರಬ್ಬಿ ಪತ್ರಿಕೆಯಲ್ಲಿ ಪಟ ಬಂತು. ಆಗ ಸಂಘಕ್ಕೆ ಎಚ್ಚರವಾಯಿತು. ರಾಜ್ಯೋತ್ಸವದಲ್ಲಿ ಸನ್ಮಾನ ಎಂದು ತೀರ್ಮಾನವಾಯಿತು. ಪರಿಚಯ ಮಾಡಿಕೊಡಲು ನಾನು. ಮಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಪರ್ಯಾಯ ಫಲಕಗಳನ್ನು ಗೆದ್ದು ಆಗಷ್ಟೇ ಮರಳಿದ್ದೆ.

ಸಿಸ್ಟರ್ ನನ್ನನ್ನು ಒಂದು ಶುಕ್ರವಾರ ಮನೆಗೆ ಕರೆದರು. ರೂವಿಯ ಹಿಂದಿನ ಬೀದಿಯಲ್ಲಿ ಒಂದು ಕೋಣೆಯ ಫ್ಲ್ಯಾಟ್. ಚಹಾ ಕೊಟ್ಟು, ಎದುರಿಗೆ ಕೂತರು.

"ನಿನಗ ಎರಡೂ ಬದಿಯಿಂದ ವಾದಾ ಮಾಡಾಕ ಬರತೈತಂತ, ಹೌದೇನು?"

ಹೌದು ಎಂದೆ, ಹೆಮ್ಮೆಯಿಂದಲೇ. ಚೀಟಿ ಎತ್ತಿದ ಮೇಲೆ ಯಾವ ಪಕ್ಷ ಬಂದರೂ ಸರಿ ಎಂದು ವಿವರಿಸಿದೆ.

"ಹಂಗಾದ್ರ ನಿಂದು ಯಾವ ಬದಿ?"

ನಾನು ನಕ್ಕೆ. ಅವರು ನಗಲಿಲ್ಲ. ಎದ್ದು ಕಪಾಟಿನಿಂದ ಒಂದು ಟೇಪ್‌ರೆಕಾರ್ಡರ್ ತಂದು ಮೇಜಿನ ಮೇಲಿಟ್ಟರು. ಆಗ ಹೊರಬಂತು ಅವರಿಗೆ ಬೇಕಾದದ್ದು ಏನು ಎಂಬುದು.

ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಹೋಗುವವರ ಕೈಲಿ ಕೊಡುವುದು ನಮ್ಮ ಕೊಲ್ಲಿಯ ಮನೆಗಳಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಸಿಸ್ಟರ್ ಕಳಿಸುತ್ತಿದ್ದುದು ತಂಗಿಯ ಮಗಳಿಗೆ ಮತ್ತು ಅದೇ ಕೇರಿಯ ಐದಾರು ಹುಡುಗಿಯರಿಗೆ. ಎಲ್ಲರೂ ಏಳನೇ ಇಯತ್ತೆ ಮುಗಿಸಿದವರು, ಶಾಲೆ ಬಿಡಿಸಿ ಕೆಲಸಕ್ಕೆ ಹಚ್ಚಬೇಕೆಂದು ಮನೆಯವರು ಕಾಯುತ್ತಿದ್ದರು. ಓದಿಸಿರಿ, ನರ್ಸಿಂಗ್‌ಗೆ ಕಳಿಸಿರಿ ಎಂದು ಸಿಸ್ಟರ್ ಕ್ಯಾಸೆಟ್ಟಿನ ಮೇಲೆ ಕ್ಯಾಸೆಟ್ಟು ಕಳಿಸಿದ್ದರು.

"ನಾ ಹೇಳಿದ್ರ, ದೊಡ್ಡವ್ವ ಹೇಳ್ತಾಳ, ಹೇಳ್ಲಿ ಬಿಡು ಅಂತಾರ. ಬ್ಯಾರೇದವರು ಹೇಳಬೇಕು. ಮೈಕಿನಾಗ, ದೊಡ್ಡ ಮಂದಿ ಮುಂದ, ಕನ್ನಡದಾಗ. ನಮ್ಮಂಥಾಕಿ ಒಬ್ಬಾಕಿ ಇಂಥಿಂಥಾ ಕೆಲಸಾ ಮಾಡ್ಯಾಳ ಅಂತ. ಅದನ್ನ ಕ್ಯಾಸೆಟ್ಟಿನಾಗ ತುಂಬಿ ಕಳಸ್ತೇನಿ, ಆ ಹುಡುಗ್ಯಾರ ಅವ್ವಂದಿರೂ ಕೂತು ಕೇಳ್ತಾರ. ಅದಕ್ಕ ನಾ ಈ ಶಾಲು ಹೊದಿಸ್ಕೊಳ್ಳಾಕ ಒಪ್ಪೇನಿ, ಇಲ್ಲಂದ್ರ ನನಗ್ಯಾಕ ಶಾಲು, ಈ ಸೆಕಿಯಾಗ."

"ಆಯಿತು ಸಿಸ್ಟರ್, ಬರೀತೇನೆ."

"ಒಂದ ಮಾತು. ಕೆಲಸಾ ಹೇಳು. ಬಣ್ಣಾ ಹೇಳಬ್ಯಾಡ. ಬಣ್ಣಾ ಅವರಿಗೆ ಗೊತ್ತೈತಿ."

ಮಾತು ಕೊಟ್ಟೆ. ಬರೆದೆ ಕೂಡ, ಪ್ರಾಮಾಣಿಕವಾಗಿ. ನಾಲ್ಕು ನಿಮಿಷದ ಭಾಷಣ. ಸೂರ್, ಮುದುಕಿಯರು, ಕಟ್ಟಿಗೆಯ ಕೊಳವೆ, ಮೊದಲ ತಂಡದ ಹುಡುಗಿಯರು ಈಗ ಯಾವ ಯಾವ ಊರಿನಲ್ಲಿದ್ದಾರೆ ಎಂಬುದು, ದೂರದ ಗಡಿಯೂರು ಬುರೈಮಿಯವರೆಗೆ. ಬಣ್ಣದ ಸೊಲ್ಲಿರಲಿಲ್ಲ. ಅಧ್ಯಕ್ಷರು ಮೊದಲೇ ನೋಡಿ, "ಎಲ್ಲ ಸರಿ ಕಣಮ್ಮ, ಸ್ವಲ್ಪ ರಸ ಕಮ್ಮಿ" ಎಂದರು. ರಸಕ್ಕೆ ಅವರ ಊಟದ ಪಟ್ಟಿಯಲ್ಲಿ ಜಾಗವಿದೆ ಎಂದು ನಾನು ತಿರುಗಿ ಕೊಟ್ಟೆ. ಅಷ್ಟು ಖಚಿತವಾಗಿದ್ದೆ.

ಸಭಾಂಗಣ ತುಂಬಿತ್ತು. ಸಿಸ್ಟರನ್ನು ವೇದಿಕೆಯ ದೊಡ್ಡ ಕುರ್ಚಿಯಲ್ಲಿ ಕೂರಿಸಿದ್ದರು. ಕುಂಕುಮಬಣ್ಣದ ಸೀರೆ ಉಟ್ಟಿದ್ದರು, ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಪಕ್ಕದ ಮೇಜಿನ ಮೇಲೆ ಕಾಯುತ್ತಿತ್ತು. ಮೊದಲ ಸಾಲಿನ ಮುಂದೆ, ಧ್ವನಿವರ್ಧಕದ ಹತ್ತಿರ, ಗಣಿತದ ಟೀಚರ್ ಆ ಟೇಪ್‌ರೆಕಾರ್ಡರ್ ಇಟ್ಟು ಗುಂಡಿ ಒತ್ತಿದರು.

ನಾನು ಶುರುಮಾಡಿದೆ. ಸೂರ್ ಎಂದೆ, ಹಿಂದಿನ ಸಾಲಿನ ಗಂಡಸರು ಮಾತು ನಿಲ್ಲಿಸಲಿಲ್ಲ. ಹೊಕ್ಕುಳು ಎಂದಾಗ ಯಾರೋ ಕಿಸಕ್ಕೆಂದರು. ಎರಡು ಮಕ್ಕಳು ವೇದಿಕೆಯ ಮುಂದೆ ಓಡಿದವು, ಒಂದು ಬಿದ್ದು ಅತ್ತಿತು. ಹಿಂದಿನ ಬಾಗಿಲಿಂದ ಬಿಸಿಬೇಳೆಭಾತಿನ ವಾಸನೆ ಬರುತ್ತಿತ್ತು, ಜನ ಆ ಕಡೆ ಕತ್ತು ತಿರುಗಿಸುತ್ತಿದ್ದರು. ಕಟ್ಟಿಗೆಯ ಕೊಳವೆಯ ಪ್ರಸಂಗಕ್ಕೆ ಎಲ್ಲರೂ ಸುಮ್ಮನಾಗುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಯಾರೂ ಆಗಲಿಲ್ಲ.

ಸಭೆ ಕೈತಪ್ಪುತ್ತಿದೆ ಎಂಬುದು ಚರ್ಚೆ ಮಾಡುವವರಿಗೆ ಮೈಯಲ್ಲೇ ಗೊತ್ತಾಗುತ್ತದೆ. ಗೊತ್ತಾದಾಗ ಏನು ಮಾಡಬೇಕೆಂದೂ ನಮಗೆ ಕಲಿಸಿರುತ್ತಾರೆ. ಕಾಗದದಿಂದ ಕಣ್ಣು ತೆಗೆದು, ಒಂದು ಕ್ಷಣ ಮೌನವಾಗಿ, ದನಿ ಇಳಿಸಿ, ಬರೆಯದೇ ಇದ್ದ ಒಂದು ಸಾಲು ಹೇಳಿದೆ.

"ಬಣ್ಣ ಕಪ್ಪಾದರೇನು, ಇವರ ಮನಸ್ಸು ಹಾಲಿನಷ್ಟು ಬಿಳುಪು."

ಸಭಾಂಗಣ ಬಿದ್ದುಹೋಗುವಂತೆ ಚಪ್ಪಾಳೆ. ಹಿಂದಿನ ಸಾಲಿನ ಗಂಡಸರೂ ತಟ್ಟಿದರು. ಅಧ್ಯಕ್ಷರು ನನ್ನತ್ತ ನೋಡಿ, ಈಗ ಸರಿಹೋಯಿತು ಎಂಬಂತೆ ತಲೆಯಾಡಿಸಿದರು. ನಾನು ನಮಸ್ಕಾರ ಹೇಳಿ ಇಳಿದೆ. ಸಿಸ್ಟರ್ ನನ್ನನ್ನು ನೋಡುತ್ತಿರಲಿಲ್ಲ. ಕೆಳಗಿದ್ದ ಟೇಪ್‌ರೆಕಾರ್ಡರನ್ನು ನೋಡುತ್ತಿದ್ದರು.

ನನ್ನ ಪರವಾಗಿ ವಾದಿಸಲು ನನಗೆ ಚೆನ್ನಾಗಿ ಬರುತ್ತದೆ. ಯುವ ವಕ್ತೃ, ಒತ್ತಡ, ಗದ್ದಲ. ಉದ್ದೇಶ ಹೊಗಳುವುದೇ ಆಗಿತ್ತು. ಈ ಮಾತನ್ನು ನಾನು ಹುಟ್ಟಿಸಲಿಲ್ಲ, ಭಾಷೆಯಲ್ಲೇ ಸಿದ್ಧವಾಗಿ ಬಿದ್ದಿತ್ತು. ಈ ಕೊನೆಯದು ಅತ್ಯಂತ ಬಲವಾದ ವಾದ, ಆದ್ದರಿಂದಲೇ ಅತ್ಯಂತ ಕೆಟ್ಟದ್ದು. ಕುಂದಾಪುರದ ನನ್ನ ಅಜ್ಜಿ ಏಳನೇ ಇಯತ್ತೆಯನ್ನೂ ಕಂಡವಳಲ್ಲ. ನನ್ನ ಹತ್ತಿರ ಪದವಿಯಿತ್ತು, ಫಲಕಗಳಿದ್ದವು, ಕೊಟ್ಟ ಮಾತಿತ್ತು. ಅಜ್ಜಿ ಹೇಳಿದ್ದನ್ನೇ ನಾನು ಸ್ವಚ್ಛ ಉಚ್ಚಾರಣೆಯಲ್ಲಿ ಹೇಳಿದೆ, ಅಷ್ಟೇ ವ್ಯತ್ಯಾಸ.

ಶಾಲು ಹೊದಿಸಿದ ಮೇಲೆ ಸಿಸ್ಟರಿಗೆ ಮೈಕ್ ಕೊಟ್ಟರು. "ಎಲ್ಲಾರಿಗೂ ನಮಸ್ಕಾರ. ನನಗ ಮುಂಜಾನೆ ಡ್ಯೂಟಿ ಐತಿ. ನೀವು ಊಟಾ ಮಾಡ್ರಿ" ಎಂದು ಕೂತರು. ಎಂಥ ಸರಳತೆ ಎಂದು ಜನ ಮತ್ತೆ ಮೆಚ್ಚಿದರು. ಊಟಕ್ಕೆ ಅವರು ನಿಲ್ಲಲಿಲ್ಲ.

ಮುಂದಿನ ಶುಕ್ರವಾರದವರೆಗೆ ನನಗೆ ಹೋಗುವ ಧೈರ್ಯ ಬರಲಿಲ್ಲ. ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ, ಪರಿಹಾರವನ್ನು ಕೈಯಲ್ಲಿ ಹಿಡಿದೇ ಹೋದೆ. ಆ ಸಾಲಿಲ್ಲದ ಭಾಷಣದ ಹೊಸ ಪ್ರತಿ, ಒಂದು ಹೊಸ ಕ್ಯಾಸೆಟ್ಟು. ಸಿಸ್ಟರ್ ಬಾಗಿಲು ತೆರೆದು ಒಳಗೆ ಕರೆದರು, ಚಹಾಕ್ಕೆ ನೀರಿಟ್ಟರು. ಎಂದಿನಂತೆಯೇ ಇದ್ದರು. ನನಗೆ ಅದೇ ಕಷ್ಟವಾಯಿತು.

"ಸಿಸ್ಟರ್, ಇಲ್ಲೇ ಕೂತು ಮತ್ತೆ ಹೇಳ್ತೇನೆ. ಮೊದಲಿಂದ. ಆ ಒಂದು ಸಾಲು ಬಿಟ್ಟು. ಯಾರಿಗೂ ಗೊತ್ತಾಗುವುದಿಲ್ಲ."

ಅವರು ಟೇಪ್‌ರೆಕಾರ್ಡರಿನ ಗುಂಡಿ ಒತ್ತಿದರು. ನನ್ನ ದನಿ. ಸೂರ್. ಕುರ್ಚಿ ಎಳೆದ ಸದ್ದು. ಮಗುವಿನ ಅಳು. ಮುದುಕಿಯರು, ಕೊಳವೆ, ಯಾರದೋ ಕೆಮ್ಮು, ತಟ್ಟೆಗಳ ಸದ್ದು. ಬುರೈಮಿ. ಆಮೇಲೆ ಆ ಮೌನ, ಆ ಸಾಲು, ಆ ಚಪ್ಪಾಳೆ. ಅದು ನನಗೆ ನೆನಪಿದ್ದದ್ದಕ್ಕಿಂತ ಉದ್ದವಿತ್ತು. ಅದು ಪೂರ್ತಿ ಮುಗಿಯುವವರೆಗೆ ಕಾದು ಗುಂಡಿ ಒತ್ತಿ ನಿಲ್ಲಿಸಿದರು.

"ಆ ಮಾತು ತಗೀತಿ, ಖರೆ. ಚಪ್ಪಾಳಿ ಎಲ್ಲಿಂದ ತರ್ತಿ?"

ಕೈಯಲ್ಲಿದ್ದ ಹೊಸ ಪ್ರತಿಯನ್ನು ಮಡಚಿದೆ.

"ನನ್ನ ಸಿಟ್ಟು ನಿನ್ನ ಮ್ಯಾಲ ಇಲ್ಲ ಅಂತ ತಿಳಕೋಬ್ಯಾಡ" ಎಂದರು. "ಐತಿ. ನೀ ಶಾಣ್ಯಾಕಿ. ನಿನಗ ಹೇಳಿದ್ದೆ."

"ಹಾಗಾದರೆ ಆ ದಿನದ ಈ ಕ್ಯಾಸೆಟ್ಟು ಏನು ಮಾಡ್ತೀರಿ?"

"ಇದು ಕಾಪಿ. ಅಸಲ ಕ್ಯಾಸೆಟ್ಟನ್ನ, ಮೊನ್ನೆ ಬುಧವಾರ ನಮ್ಮ ವಾರ್ಡಿನ ಹುಡುಗಿ ರಜಾಕ್ಕ ಹೊಂಟಿದ್ಲು, ಅಕಿ ಕೈಯಾಗ ಕೊಟ್ಟು ಕಳ್ಸೇನಿ. ಇಷ್ಟೊತ್ತಿಗೆ ಊರಾಗ ಕೇಳಿರತಾರ."

"ಹಾಗೆಯೇ? ಏನೂ ತೆಗೆಯದೆ?"

ಚಹಾ ಉಕ್ಕುತ್ತಿತ್ತು. ಎದ್ದು ಒಲೆ ಆರಿಸಿ, ನನ್ನ ಕಡೆ ಬೆನ್ನು ಹಾಕಿಯೇ ಹೇಳಿದರು.

"ಯಾಕ ತಗೀಬೇಕು? ನಾಳೆ ಆಸ್ಪತ್ರಿ ಕೆಲಸಕ್ಕ ಬರೋ ಹುಡುಗ್ಯಾರು. ಕೆಲಸಾ ಹೇಳಿದಾಗ ಚಪ್ಪಾಳಿ ಬೀಳೂದಿಲ್ಲ, ಎಲ್ಲಿ ಬೀಳತೈತಿ ಅಂತ ಈಗ ಕೇಳಿ ಇಟ್ಕೊಳ್ಳಲಿ. ನನಗ ಯಾರೂ ಹೇಳಿರಲಿಲ್ಲ."